ಓಟದ ಮುಯ್ಯಿ

ಚಿಕ್ಕಮಗಳೂರಿನಲ್ಲಿ ಒಬ್ಬ ಮನುಷ್ಯನ ಅಂತಸ್ತು ತಿಳಿಯಬೇಕಾದರೆ ಮೊದಲೆಲ್ಲ ತೋಟ ಎಷ್ಟು ಎಕರೆ, ಅದರಲ್ಲಿ ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿಸಿದ್ದಾರೋ ಇಲ್ಲವೋ ಎಂದು ವಿಚಾರಿಸಿದರೆ ಸಾಕಾಗುತ್ತಿತ್ತು. ಈಗ ಆ ಪ್ರಶ್ನೆಗಳನ್ನು ಹೆಣ್ಣು ಕೊಡುವವರು ಮತ್ತು ಸಾಲ ಕೊಡುವವರು ಮಾತ್ರ ಕೇಳುತ್ತಾರೆ. ಉಳಿದವರೆಲ್ಲ ಕೇಳುವುದು ಪೇಸ್ ಎಷ್ಟು ಎಂದು. ಕಿಲೋಮೀಟರಿಗೆ ಆರು ನಿಮಿಷ ಎಂದವನಿಗೆ ಕುರ್ಚಿ, ಐದೂವರೆ ಎಂದವನಿಗೆ ಕುರ್ಚಿಯ ಜೊತೆಗೆ ಕಾಫಿ, ಎಂಟು ಎಂದವನಿಗೆ ‘ಪರವಾಗಿಲ್ಲ, ಶುರುವಾದರೂ ಮಾಡಿದ್ದೀರಲ್ಲ’ ಎಂಬ ಸಾಂತ್ವನ ದೊರೆಯುತ್ತದೆ. ನನ್ನಂತೆ ಓಡದೆಯೇ ಇರುವವನಿಗೆ ಯಾವ ಆಸನದ ವ್ಯವಸ್ಥೆಯೂ ಇಲ್ಲ. ಅವನು ನಿಂತುಕೊಂಡೇ ಕೇಳಿಸಿಕೊಳ್ಳಬೇಕು.

ನಮ್ಮೂರಿನ ಓಟಗಾರರ ಬಳಗ ಬೆಳಗಿನ ಐದೂಕಾಲಕ್ಕೆ ಜಿಲ್ಲಾ ಆಟದ ಮೈದಾನದ ಬಳಿ ಸೇರುತ್ತದೆ. ಮೊದಲ ಕಾರ್ಯಕ್ರಮ ಗುಂಪಿನ ಫೋಟೊ. ಓಡಿದ ಮೇಲೆ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಸಿಗುವ ಭರವಸೆಯಿಲ್ಲ, ಸಿಕ್ಕರೂ ಮುಖಗಳು ನೋಡುವಂತಿರುವುದಿಲ್ಲ. ಆಮೇಲೆ ಅಷ್ಟೂ ಜನ ಎಡಗೈಯನ್ನು ಆಕಾಶಕ್ಕೆ ಒಡ್ಡಿ ಮೌನವಾಗಿ ನಿಲ್ಲುತ್ತಾರೆ. ಹೊಸಬರು ಇದನ್ನು ಸೂರ್ಯನಮಸ್ಕಾರದ ಯಾವುದೋ ಪಾಠಾಂತರವೆಂದು ತಿಳಿದು, ಕೈಗಡಿಯಾರವಿಲ್ಲದಿದ್ದರೂ ಭಕ್ತಿಯಿಂದ ಕೈಯೆತ್ತಿದ್ದುಂಟು. ನಿಜದಲ್ಲಿ ಅವರು ಕಾಯುತ್ತಿರುವುದು ಉಪಗ್ರಹಗಳಿಗೆ. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕಾದರೂ ಗಡಿಯಾರಕ್ಕೆ ಸಿಗದ ಹೊರತು ಮೈದಾನದಿಂದ ಹನುಮಂತಪ್ಪ ವೃತ್ತಕ್ಕೆ ಓಡುವಂತಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯವರು 1973ರಲ್ಲಿ ಈ ವ್ಯವಸ್ಥೆಗೆ ಕೈಹಾಕಿದಾಗ ಅವರ ತಲೆಯಲ್ಲಿದ್ದದ್ದು ಹಡಗು, ವಿಮಾನ, ಕ್ಷಿಪಣಿಗಳು; ಅದೇ ವ್ಯವಸ್ಥೆ ಮುಂದೊಂದು ದಿನ ಔಷಧಿ ಅಂಗಡಿಯ ಯಜಮಾನರೊಬ್ಬರು ಐಜಿ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿದ್ದು ಹೌದು ಎಂದು ಪ್ರಮಾಣಪತ್ರ ಬರೆಯಬೇಕಾಗುತ್ತದೆಂದು ಅವರು ಊಹಿಸಿರಲಾರರು.

ಆ ಪ್ರಮಾಣಪತ್ರದ ವಿಷಯದಲ್ಲಿ ಬಳಗ ಬಹಳ ನಿಷ್ಠುರವಾದುದು. ಓಟ ಮುಗಿದಾಗ ಗಡಿಯಾರ 4.97 ಎಂದು ತೋರಿಸಿದರೆ, ಅದನ್ನು ಐದೆಂದು ಭಾವಿಸಿ ಮನೆಗೆ ಹೋಗುವ ಸಡಿಲತನ ಯಾರಲ್ಲೂ ಇಲ್ಲ. ಉಳಿದ ಮೂವತ್ತು ಮೀಟರನ್ನು ನಿಲ್ಲಿಸಿದ ಕಾರುಗಳ ನಡುವೆ ಸುತ್ತಿ ಸುತ್ತಿ ಸಂಪಾದಿಸುತ್ತಾರೆ. ಒಂಬತ್ತು ಜನ ಗಣ್ಯ ವ್ಯಕ್ತಿಗಳು, ಅವರಲ್ಲಿ ಒಬ್ಬರು ವಕೀಲರು, ಇಬ್ಬರು ತೋಟದ ಮಾಲೀಕರು, ತಮ್ಮ ತಮ್ಮ ಕಾರುಗಳನ್ನು ಪ್ರದಕ್ಷಿಣೆ ಹಾಕುವುದನ್ನು ಕಂಡ ಹಾಲಿನ ವ್ಯಾನಿನವನು ಅಂದು ಯಾವ ಗ್ರಹಣವಿದೆಯೆಂದು ನನ್ನನ್ನೇ ಕೇಳಿದ್ದಾನೆ.

ಮಲೆನಾಡಿನಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಎಂಬ ಪದ್ಧತಿಯಿದ್ದುದು ಹಿರಿಯರಿಗೆ ನೆನಪಿರಬಹುದು. ಇವತ್ತು ನಮ್ಮ ಮನೆಯಿಂದ ಎರಡಾಳು ನಿಮ್ಮ ಗದ್ದೆಗೆ ಬಂದರೆ, ನಾಳಿದ್ದು ನಿಮ್ಮ ಮನೆಯಿಂದ ಎರಡಾಳು ನಮ್ಮ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ, ಬರವಣಿಗೆಯ ಲೆಕ್ಕವಿಲ್ಲ, ಆದರೆ ಮುಯ್ಯಿ ತೀರಿಸಲು ಮರೆತವನ ಹೆಸರನ್ನು ಊರು ಮಾತ್ರ ಮರೆಯುತ್ತಿರಲಿಲ್ಲ. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಈ ಪದ್ಧತಿ ಅಳಿಯಿತೆಂದು ಮರುಗುವವರು ನಮ್ಮ ಬಳಗವನ್ನು ನೋಡಿಲ್ಲ. 2009ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಓಟದ ಲೆಕ್ಕವಿಡುವ ಸ್ಟ್ರಾವಾ ಎಂಬ ಆ್ಯಪ್ ಅದನ್ನು ಇಲ್ಲಿ ಮತ್ತೆ ನಾಟಿ ಮಾಡಿದೆ. ನೀವು ನನ್ನ ಓಟಕ್ಕೆ ಕುಡೋಸ್ ಎಂಬ ಮೆಚ್ಚುಗೆಯ ಗುಂಡಿ ಒತ್ತಿದರೆ ನಾನು ನಿಮ್ಮ ಓಟಕ್ಕೆ ಒತ್ತುತ್ತೇನೆ; ನೀವು ‘ಭರ್ಜರಿ ಸರ್’ ಎಂದರೆ ನಾನು ‘ಎಲ್ಲ ನಿಮ್ಮ ಸ್ಫೂರ್ತಿ ಸರ್’ ಎನ್ನುತ್ತೇನೆ; ನೀವು ಬೆಂಕಿಯ ಚಿತ್ರ ಎರಡು ಹಾಕಿದಲ್ಲಿ ನಾನು ಒಂದೇ ಹಾಕಿದರೆ ಮರುದಿನ ಬೆಳಿಗ್ಗೆ ನೀರಿನ ಬಾಟಲಿ ಕೈ ಬದಲಾಯಿಸುವಾಗ ನಿಮ್ಮ ಮುಖ ಬೇರೆ ಕಡೆಗಿರುತ್ತದೆ. ಹಿಂದಿನ ಮುಯ್ಯಿಗಿಂತ ಇದು ಒಂದು ಹೆಜ್ಜೆ ಮುಂದೆಯೇ ಹೋಗಿದೆಯೆಂದು ಒಪ್ಪಬೇಕು, ಏಕೆಂದರೆ ಯಾರು ಒತ್ತಿದರು, ಯಾರು ಒತ್ತಲಿಲ್ಲ ಎಂಬ ಪಟ್ಟಿ ಇಲ್ಲಿ ಹೆಸರು ಸಮೇತ ಸಿಗುತ್ತದೆ. ಬಳಗದ ಇಬ್ಬರು ಸದಸ್ಯರ ನಡುವೆ ಎರಡು ತಿಂಗಳಿಂದ ಮಾತಿಲ್ಲದಿರುವುದಕ್ಕೆ ಬೇಲಿಯ ಜಗಳ ಕಾರಣವೆಂದು ಊರು ನಂಬಿದೆ. ಕಾರಣ ಒಂದು ಹದಿನೆಂಟು ಕಿಲೋಮೀಟರಿನ ಲಾಂಗ್ ರನ್. ಅದನ್ನು ನೋಡಿಯೂ ನೋಡದಂತೆ ಮುಂದೆ ಸರಿಸಲಾಗಿತ್ತು.

ಈ ಆ್ಯಪ್‌ನಿಂದ ಒಂದು ಅಪಾಯವೂ ಇದೆ. ಅದರ ಬಳಕೆದಾರರ ಜಾಡುಗಳನ್ನೆಲ್ಲ ಕೂಡಿಸಿ ಬೆಳಗಿಸಿದ ಭೂಪಟದಲ್ಲಿ ಗುಟ್ಟಾಗಿರಬೇಕಿದ್ದ ಸೇನಾ ನೆಲೆಗಳ ಆಕಾರಗಳು ಎದ್ದು ಕಾಣುತ್ತಿವೆಯೆಂದು 2018ರ ಜನವರಿಯಲ್ಲಿ ಜಗತ್ತೇ ಗಾಬರಿಯಾಗಿತ್ತು. ನಮ್ಮೂರಿನಲ್ಲಿ ಅಷ್ಟು ದೊಡ್ಡ ಗುಟ್ಟುಗಳಿಲ್ಲ. ಆದರೂ ಒಂದೇ ಬಿರುಸಿನಲ್ಲಿ ಓಡಬೇಕಾದ ಹತ್ತು ಕಿಲೋಮೀಟರಿನ ‘ಟೆಂಪೊ ರನ್’ ಒಂದರ ಮಧ್ಯದಲ್ಲಿ ಹದಿನೆಂಟು ನಿಮಿಷಗಳ ಕಾಲ ಓಟಗಾರನೊಬ್ಬ ಬೆಣ್ಣೆ ದೋಸೆಯ ಹೋಟೆಲೊಂದರ ಎದುರು ಕದಲದೆ ನಿಂತಿದ್ದನೆಂಬುದು ಅವನ ಮನೆಯವರಿಗೆ ಆ ಭೂಪಟದಿಂದಲೇ ತಿಳಿದುಬಂದಿತು. ಅದನ್ನು ಅವನು ‘ಕಾರ್ಬ್ ಲೋಡಿಂಗ್’, ಅಂದರೆ ಓಟದ ಶಕ್ತಿಗಾಗಿ ಪಿಷ್ಟ ತುಂಬಿಕೊಳ್ಳುವುದು, ಎಂದು ಸಮರ್ಥಿಸಿಕೊಂಡನು, ಬಳಗ ಒಕ್ಕೊರಲಿನಿಂದ ಅನುಮೋದಿಸಿತು, ಏಕೆಂದರೆ ಅದೇ ಹೋಟೆಲಿನ ಎದುರು ಅದೇ ಹದಿನೆಂಟು ನಿಮಿಷ ಇನ್ನೂ ನಾಲ್ವರ ಚುಕ್ಕೆಗಳು ನಿಂತಿದ್ದವು.

ಬಳಗದಲ್ಲಿ ಓಟಕ್ಕಿಂತ ನೋವಿಗೆ ಹೆಚ್ಚು ಗೌರವ. ಹಿಮ್ಮಡಿ ನೋವು ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ಪ್ಲಾಂಟರ್ ಫ್ಯಾಸೈಟಿಸ್ ಎಂದರೆ ಅರ್ಧ ಚಂದ್ರಾಕಾರವಾಗಿ ನಿಂತು ಕೇಳುತ್ತಾರೆ. ತೊಡೆಯ ಹೊರಬದಿಯ ಐಟಿ ಬ್ಯಾಂಡ್ ಎಂಬ ತಂತು ಹಿಡಿದುಕೊಂಡವರು ಹಿರಿಯ ಸದಸ್ಯರೆಂದೂ, ಎರಡೂ ಮಂಡಿಗೆ ಬಣ್ಣದ ಪಟ್ಟಿ ಸುತ್ತಿಕೊಂಡವರು ಮಾರ್ಗದರ್ಶಕರೆಂದೂ ಪರಿಗಣಿತರಾಗುತ್ತಾರೆ. ಕೊಯ್ಲಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ನಿಂತು ಹಣ್ಣು ಬಿಡಿಸಿ, ಮೂಟೆ ಹೊತ್ತು ಕಣಕ್ಕೆ ತರುವ ತೋಟದ ಹೆಂಗಸರ ಮಂಡಿಗಳೂ ನೋಯುತ್ತವೆ. ಆದರೆ ಆ ನೋವಿಗೆ ಲ್ಯಾಟಿನ್ ಹೆಸರಿಲ್ಲದ ಕಾರಣ ಅದು ಬೇರೆ ವರ್ಗಕ್ಕೆ ಸೇರಿದ್ದು.

ನೋವಿನ ನಂತರದ ಸ್ಥಾನ ಶೂಗಳದ್ದು. ಅಟ್ಟೆಯೊಳಗೆ ಇಂಗಾಲದ ಎಳೆಯ ಫಲಕವಿಟ್ಟ ಶೂಗಳಿಂದ ದಾಖಲೆಗಳು ಉರುಳತೊಡಗಿದಾಗ, ರಸ್ತೆ ಓಟದ ಶೂಗಳ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪವಿರಕೂಡದೆಂದು ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ನಿಯಮ ಮಾಡಿತು. ಈ ನಿಯಮ ತಮಗೆ ಅನ್ವಯಿಸುತ್ತದೆಯೇ ಎಂದು ನಮ್ಮ ಬಳಗ ಒಂದು ಇಡೀ ಭಾನುವಾರ ಚರ್ಚಿಸಿತು. ಹತ್ತು ಕಿಲೋಮೀಟರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುವ ಸದಸ್ಯರೊಬ್ಬರು, ತಮ್ಮ ಶೂ 39.5 ಮಿಲಿಮೀಟರ್ ಇರುವುದರಿಂದ ತಮ್ಮ ಸಮಯವನ್ನು ಯಾರೂ ಪ್ರಶ್ನಿಸಲಾಗದು ಎಂದು ನಿಟ್ಟುಸಿರುಬಿಟ್ಟರು. ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದದ್ದನ್ನೂ, ನಮ್ಮವರೇ ಆದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿದ್ದು ನಾಲ್ಕು ದಶಕ ಕಳೆದರೂ ರಾಷ್ಟ್ರೀಯ ದಾಖಲೆಯಾಗಿಯೇ ಉಳಿದಿದ್ದನ್ನೂ ನಾನು ನೆನಪಿಸಲು ಹೋದೆ. ‘ಆ ಕಾಲದ ರಸ್ತೆಗಳು ಬೇರೆ ಸರ್’ ಎಂಬ ಉತ್ತರ ಬಂತು. ನಮ್ಮ ಜಿಲ್ಲೆಯ ಈ ಕಾಲದ ರಸ್ತೆಗಳನ್ನು ನೋಡಿರುವ ನಾನು ಮರುಮಾತಾಡಲಿಲ್ಲ.

ಇಷ್ಟಾದರೂ ಬಳಗದಲ್ಲಿ ಪರಸ್ಪರ ಸಹಾಯಕ್ಕೆ ಕೊರತೆಯಿಲ್ಲ. ಎಲಿಯುಡ್ ಕಿಪ್ಚೊಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗ ಅವನ ಸುತ್ತ ಸರದಿಯಂತೆ ಓಡಿ ಗಾಳಿ ತಡೆದವರು 41 ಜನ. ನಮ್ಮಲ್ಲಿಯೂ ಒಬ್ಬ ಓಡಿದರೆ ನಲವತ್ತೊಂದು ಜನ ನೆರವಾಗುತ್ತಾರೆ. ನಮ್ಮವರು ಗಾಳಿಯನ್ನು ತಡೆಯುವ ಬದಲು ಸಲಹೆಯ ರೂಪದಲ್ಲಿ ಬೀಸುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಮೂಗಿನಿಂದ ಉಸಿರಾಡಿ, ನಿಮಿಷಕ್ಕೆ 180 ಹೆಜ್ಜೆ ಹಾಕಿ, ಹೃದಯ ಬಡಿತವನ್ನು ಎರಡನೇ ವಲಯದಲ್ಲಿ, ಅಂದರೆ ನಿಧಾನದಲ್ಲಿಡಿ, ಬಾಳೆಹಣ್ಣು ತಿನ್ನಿ, ಬಾಳೆಹಣ್ಣು ತಿನ್ನಬೇಡಿ.

ಇನ್ನು ಪ್ರವಾಸಗಳು. ಜನವರಿಯಲ್ಲಿ ಮುಂಬೈ, ಬೇಸಿಗೆಯಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರು, ಸೆಪ್ಟೆಂಬರಿನಲ್ಲಿ ಲಡಾಖ್. ಬೆಂಗಳೂರಿನ ಓಟಕ್ಕೆ ನಾಲ್ಕು ಕಾರುಗಳು ಹೋಗಿಬಂದು ತಲಾ ಐನೂರು ಕಿಲೋಮೀಟರಿನಷ್ಟು ಡೀಸೆಲ್ ಸುಟ್ಟು, ಹತ್ತು ಕಿಲೋಮೀಟರ್ ಓಡಿ, ಓಟದ ಉದ್ದೇಶ ಶುದ್ಧ ಗಾಳಿಯ ಜಾಗೃತಿ ಎಂದು ಬರೆದ ಟಿ-ಶರ್ಟು ತೊಟ್ಟು ಹಿಂದಿರುಗುತ್ತವೆ. ದಾರಿಯುದ್ದಕ್ಕೂ ಚರ್ಚೆಯಾಗುವುದು ಮುಂದಿನ ಓಟ. ಓಡಿ ಮುಗಿಸಿದ ಎಲ್ಲರಿಗೂ ಕೊಡುವ ಪದಕವನ್ನು ಕೊರಳಿಗೆ ಹಾಕಿಕೊಂಡೇ ಹಾಸನದ ಬೈಪಾಸಿನಲ್ಲಿ ಊಟಕ್ಕಿಳಿಯುತ್ತಾರೆ; ಮಾಣಿ ಯಾವ ಆಟ ಗೆದ್ದಿರಿ ಎಂದು ಕೇಳುವವರೆಗೂ ಮುದ್ದೆ ಮುಟ್ಟುವುದಿಲ್ಲ. ಊರಿಗೆ ಬರುವಷ್ಟರಲ್ಲಿ ವೃತ್ತದಲ್ಲಿ ಫ್ಲೆಕ್ಸ್ ಸಿದ್ಧವಾಗಿರುತ್ತದೆ. ಅದರಲ್ಲಿ ಓಟಗಾರನ ಚಿತ್ರ ಒಂದಡಿ, ಅಭಿನಂದಿಸುವ ಮುಖಂಡರ ಚಿತ್ರ ನಾಲ್ಕಡಿ, ಕೆಳಗಿನ ಸಾಲಿನಲ್ಲಿ ಅಂಚೆಚೀಟಿಯ ಅಳತೆಯಲ್ಲಿ ಅವರ ಹಿಂಬಾಲಕರು. ಓಡಿದ್ದು ಯಾರೆಂದು ತಿಳಿಯದೆ ಜನ ಮುಖಂಡರಿಗೇ ಶುಭಾಶಯ ಹೇಳಿದ್ದುಂಟು, ಅವರು ವಿನಯದಿಂದ ಸ್ವೀಕರಿಸಿದ್ದೂ ಉಂಟು.

ಬಳಗದ ಪರಮಗುರಿಯೆಂದರೆ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್. ಮೊದಲ ಮಹಾಯುದ್ಧದಲ್ಲಿ ಮಡಿದ ಸಂಗಾತಿ ಸೈನಿಕರ ನೆನಪಿಗೆಂದು, ಅದೇ ಯುದ್ಧದಿಂದ ಬದುಕಿ ಬಂದ ವಿಕ್ ಕ್ಲಾಪಮ್ 1921ರಲ್ಲಿ ಅದನ್ನು ಆರಂಭಿಸಿದರು. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವಿನ ಸುಮಾರು 90 ಕಿಲೋಮೀಟರ್. ಮೊದಲ ವರ್ಷ ಹೊರಟವರು 34 ಜನ, ಮುಟ್ಟಿದವರು 16. ಈಗ ಹನ್ನೆರಡು ಗಂಟೆಯ ಗಡುವು ಮುಗಿಯುವ ಕ್ಷಣಕ್ಕೆ ಅಧಿಕಾರಿಯೊಬ್ಬರು ಬರುತ್ತಿರುವ ಓಟಗಾರರಿಗೆ ಬೆನ್ನು ಮಾಡಿ ನಿಂತು ಗುಂಡು ಹಾರಿಸುತ್ತಾರೆ. ಗೆರೆಗೆ ಎರಡು ಹೆಜ್ಜೆ ಬಾಕಿಯಿದ್ದವನಿಗೂ ರಿಯಾಯಿತಿಯಿಲ್ಲ. ಈ ಕಠಿಣ ನಿಯಮವನ್ನು ಬಳಗದ ಸಂಚಾಲಕರು ಸಭೆಯಲ್ಲಿ ಕಣ್ಣೀರು ತುಂಬಿಕೊಂಡು ವಿವರಿಸಿದರು. ಆ ಸಭೆ ಆರು ಗಂಟೆಗೆ ಕರೆದದ್ದು ಏಳೂಮುಕ್ಕಾಲಿಗೆ ಶುರುವಾಗಿತ್ತು.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಗಿರಿಯ ಓಟದ ವಿಷಯಕ್ಕೆ ಬರುತ್ತೇನೆ. ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರದಲ್ಲಿದೆ, ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ, ಮತ್ತು ರಜೆಯ ದಿನಗಳಲ್ಲಿ ಅದರ ಮೇಲೆ ಹುಲ್ಲಿಗಿಂತ ಹೆಚ್ಚಾಗಿ ಕಾಣುವುದು ವಾಹನಗಳ ಚಾವಣಿ. ಜಿಲ್ಲಾಡಳಿತವು ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಮುಂಗಡ ನೋಂದಣಿ ಕಡ್ಡಾಯ ಮಾಡಬೇಕಾಗಿ ಬಂತು. ಬಳಗ ಈ ಕ್ರಮವನ್ನು ಹೃತ್ಪೂರ್ವಕವಾಗಿ ಸ್ವಾಗತಿಸಿ, ಗಿರಿಯ ಶೋಲಾ ಕಾಡು ಹುಲ್ಲುಗಾವಲುಗಳ ಉಳಿವಿಗಾಗಿ ಒಂದು ಓಟವನ್ನು ಗಿರಿಯ ಮೇಲೆಯೇ ಏರ್ಪಡಿಸಲು ತೀರ್ಮಾನಿಸಿತು. ಮನುಷ್ಯರ ಓಡಾಟದಿಂದ ನಲುಗಿರುವ ಹುಲ್ಲನ್ನು ಉಳಿಸಲು ಅದರ ಮೇಲೆ ಇನ್ನೂ ನಾನೂರು ಜನರನ್ನು ಓಡಿಸುವುದು ಸರಿಯೇ ಎಂದು ಅರಣ್ಯದ ಬಗ್ಗೆ ಅಷ್ಟಿಷ್ಟು ತಿಳಿದವರೊಬ್ಬರು ಕೇಳಿದರು. ಜಾಗೃತಿ ಮೂಡುತ್ತದೆ ಎಂದು ಉತ್ತರಿಸಲಾಯಿತು. ಹುಲ್ಲಿಗೋ, ಜನರಿಗೋ ಎಂದು ಅವರು ಮತ್ತೆ ಕೇಳಿದ್ದರಿಂದ ಅವರನ್ನು ವಾಟ್ಸ್ಯಾಪ್ ಗುಂಪಿನಿಂದ ತೆಗೆಯಲಾಯಿತು.

ಓಟದ ದಿನ ಉದ್ಘಾಟಕರು ಎಂದಿನಂತೆ ಒಂದೂವರೆ ಗಂಟೆ ತಡವಾಗಿ ಬಂದರು. ಮೈ ಬಿಸಿ ಮಾಡಿಕೊಂಡು ನಿಂತಿದ್ದ ನಾನೂರು ದೇಹಗಳು ಗಿರಿಯ ಗಾಳಿಗೆ ಮತ್ತೆ ತಣ್ಣಗಾಗಿ, ಒಬ್ಬರನ್ನೊಬ್ಬರು ಅಪ್ಪಿಕೊಂಡು ಸ್ನೇಹವನ್ನು ಅಕ್ಷರಶಃ ಅನುಭವಿಸಿದವು. ಓಟವು ಆರೋಗ್ಯಕ್ಕೆ ಒಳ್ಳೆಯದೆಂಬ ಅಪರೂಪದ ಸಂಗತಿಯನ್ನು ಐವರು ಭಾಷಣಕಾರರು ಒಬ್ಬರಾದ ಮೇಲೊಬ್ಬರು ಬಹಿರಂಗಪಡಿಸಿದರು. ಹಸಿರು ಬಾವುಟ ಬೀಸಿದ ಮೇಲೆ ಓಟಗಾರರು ಎರಡನೆಯ ಕಿಲೋಮೀಟರಿನಲ್ಲಿಯೇ ನಿಂತರು, ಏಕೆಂದರೆ ಅವರನ್ನು ಹುರಿದುಂಬಿಸಲು ಕುಟುಂಬಸಮೇತ ಮುಂದೆ ಹೋಗಿದ್ದ ಅವರವರ ಕಾರುಗಳೇ ತಿರುವಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ತನ್ನ ಹೆಂಡತಿ ಓಡಿಸುತ್ತಿದ್ದ ತನ್ನದೇ ಕಾರಿನ ಹೊಗೆಯನ್ನು ಕುಡಿಯುತ್ತ ಒಬ್ಬ ಸದಸ್ಯರು ಅರ್ಧ ಗಂಟೆ ನಿಂತಲ್ಲಿಯೇ ಜಾಗ್ ಮಾಡಿದರು. ನಿಂತರೆ ಗಡಿಯಾರದ ಸರಾಸರಿ ಕೆಡುತ್ತದಲ್ಲವೇ. ಓಟ ಮುಗಿದ ಮೇಲೆ ಗಿರಿಯ ದಾರಿಯಲ್ಲಿ ಉಳಿದದ್ದು ಜೆಲ್ ಪೊಟ್ಟಣಗಳು, ಕಾಲು ಭಾಗ ಕುಡಿದ ನೀರಿನ ಬಾಟಲಿಗಳು ಮತ್ತು ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸಿದ ಬ್ಯಾನರು. ಅವುಗಳನ್ನು ಹೆಕ್ಕಲು ಮರುವಾರ ಇನ್ನೊಂದು ಓಟವನ್ನು ಏರ್ಪಡಿಸಲಾಯಿತು, ಅದಕ್ಕೆ ಪ್ರತ್ಯೇಕ ಪದಕವಿತ್ತು.

ಏಳು ಕಾಫಿ ಬೀಜಗಳನ್ನು ಯೆಮನ್‌ನಿಂದ ತಂದು ಈ ಬೆಟ್ಟಗಳಲ್ಲಿ ಊರಿದರೆಂದು ಪ್ರತೀತಿಯಿರುವ ಬಾಬಾ ಬುಡನ್ ಅವರು ಅಷ್ಟು ದೂರದ ಯಾತ್ರೆಯಲ್ಲಿ ಒಂದು ಕಿಲೋಮೀಟರನ್ನೂ ಎಲ್ಲಿಯೂ ದಾಖಲಿಸಿಲ್ಲ ಎಂಬುದು ಬಳಗಕ್ಕೆ ಇಂದಿಗೂ ಬಗೆಹರಿಯದ ವಿಷಯ. ಅದೇ ಬಗೆಯ ಕಳವಳ 2022ರಲ್ಲಿಯೂ ಕಾಣಿಸಿಕೊಂಡಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಆ ವರ್ಷ ಗಿರಿಯನ್ನು ನೀಲಿ ಮಾಡಿದಾಗ ನೋಡಲು ನಿಂತ ಸದಸ್ಯರೊಬ್ಬರು, ಆ ದಿನದ ಓಟದ ಕೆಳಗೆ ‘ಹೂವಿನ ಕಾರಣದಿಂದ ಪೇಸ್ ಕೆಟ್ಟಿದೆ, ಕ್ಷಮಿಸಿ’ ಎಂದು ಬರೆದಿದ್ದರು.

ಬಳಗ ಸೇರುವ ಅದೇ ಮೈದಾನದಲ್ಲಿ ಅದೇ ಹೊತ್ತಿಗೆ ಇನ್ನೂ ಕೆಲವರು ಓಡುತ್ತಾರೆ. ಆಲ್ದೂರು, ಮೂಡಿಗೆರೆ ಕಡೆಯಿಂದ ಬಂದು ಊರಿನಲ್ಲಿ ಕೋಣೆ ಹಿಡಿದಿರುವ ಹುಡುಗರು ಅವರು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕಾದವರು. ಯಾರ ಕೈಯಲ್ಲೂ ಗಡಿಯಾರವಿಲ್ಲ. ಗೇಟಿನ ಬಳಿ ಒಬ್ಬ ಮೊಬೈಲ್ ಹಿಡಿದು ನಿಂತು ಕೂಗುತ್ತಾನೆ, ಉಳಿದವರು ಓಡುತ್ತಾರೆ, ಮುಗಿದ ಮೇಲೆ ಬಗ್ಗಿ ಉಸಿರೆಳೆದುಕೊಂಡು ಕೆಲಸಕ್ಕೆ ಹೋಗುತ್ತಾರೆ. ಬಳಗ ಇವರನ್ನು ಬಹಳ ಕಾಲ ಓಟಗಾರರೆಂದು ಗುರುತಿಸಿರಲಿಲ್ಲ. ಒಮ್ಮೆ ಸಂಚಾಲಕರು ಔದಾರ್ಯದಿಂದ ಒಬ್ಬನನ್ನು ನಿಲ್ಲಿಸಿ ಪೇಸ್ ಎಷ್ಟು ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಬಳಗದ ಲೆಕ್ಕಪರಿಶೋಧಕರು ಅಲ್ಲಿಯೇ ಭಾಗಿಸಿ ನೋಡಿದಾಗ, ಪಾಸಾಗಲು ಬೇಕಾದ ಕನಿಷ್ಠ ವೇಗವೇ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು ಎಂದಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನ ತೋಳಿನ ಬೀಸು ಸರಿಯಿಲ್ಲವೆಂದು ನಾಲ್ವರು ತಿದ್ದಿದರು.

ಐದನೆಯವರಾದ ಖಜಾಂಚಿ ಮಾತ್ರ ತಿದ್ದಲಿಲ್ಲ. ಐವತ್ತೆರಡು ವರ್ಷದ, ವ್ಯವಹಾರ ಬಲ್ಲ ಮನುಷ್ಯ. ಮುಯ್ಯಾಳಿನ ಪದ್ಧತಿಯಲ್ಲಿ ತನಗೆ ಹೋಗಲಾಗದಿದ್ದರೆ ತನ್ನ ಬದಲಿಗೆ ಇನ್ನೊಬ್ಬ ಆಳನ್ನು ಕಳಿಸುವ ಅವಕಾಶವಿತ್ತೆಂಬುದು ಅವರಿಗೆ ನೆನಪಿತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಫ್ರೆಡ್ ಲಾರ್ಜ್ ಎಂಬಾತ ಮ್ಯಾರಥಾನಿನ ಬಹುದೂರವನ್ನು ಕಾರಿನಲ್ಲಿ ಕ್ರಮಿಸಿ ಮೊದಲಿಗನಾಗಿ ಬಂದು ಸಿಕ್ಕಿಬಿದ್ದನಂತೆ. ಗಡಿಯಾರದ ಕಾಲದಲ್ಲಿ ಅಂಥ ಒರಟು ಉಪಾಯಗಳು ನಡೆಯುವುದಿಲ್ಲ. ಖಜಾಂಚಿಯವರು ಮಾರನೆಯ ದಿನದಿಂದ ತಮ್ಮ ಗಡಿಯಾರವನ್ನು ಬಿಚ್ಚಿ ಆ ಹುಡುಗನ ಕೈಗೆ ಕಟ್ಟಿ, ತಾವು ಗ್ಯಾಲರಿಯ ಮೆಟ್ಟಿಲ ಮೇಲೆ ಕುಳಿತು ಪತ್ರಿಕೆ ಓದತೊಡಗಿದರು. ಹುಡುಗನಿಗೆ ಬೆಳಗಿನ ತಿಂಡಿ ಮತ್ತು ಮೊಟ್ಟೆಯ ಖರ್ಚು ಸಿಗುತ್ತಿತ್ತು.

ವಾರದೊಳಗೆ ಖಜಾಂಚಿಯವರ ಪೇಸ್ ಎಂಟು ನಿಮಿಷದಿಂದ ನಾಲ್ಕಕ್ಕೆ ಇಳಿಯಿತು. ಬಳಗದ ವೈದ್ಯರು ಅವರ ಹೃದಯ ಬಡಿತದ ನಕ್ಷೆಯನ್ನು ನೋಡಿ, ಇದು ಇಪ್ಪತ್ತಮೂರರ ಯುವಕನ ಹೃದಯವೆಂದು ಬಹಿರಂಗವಾಗಿ ಕೊಂಡಾಡಿದರು. ವೈದ್ಯಕೀಯವಾಗಿ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎಲ್ಲರಿಗೂ ಅನುಮಾನವಿತ್ತು. ಆದರೆ ಬೆಣ್ಣೆ ದೋಸೆಯ ಹೋಟೆಲಿನ ಚುಕ್ಕೆಗಳು, ಕಾರುಗಳ ಪ್ರದಕ್ಷಿಣೆ, ಸ್ಕೂಟರಿನ ಮೇಲೆ ಗಳಿಸಿದ ಕೆಲವು ಕಿಲೋಮೀಟರುಗಳು ಖಜಾಂಚಿಯವರಿಗೂ ಗೊತ್ತಿದ್ದವು, ಅವಕ್ಕೆಲ್ಲ ಅವರು ಒಂದನ್ನೂ ಬಿಡದೆ ಕುಡೋಸ್ ಒತ್ತಿದ್ದರು. ಆದ್ದರಿಂದ ಎಲ್ಲರೂ ಒತ್ತಿದರು, ಕೆಲವರು ಬೆಂಕಿಯ ಚಿತ್ರ ಮೂರು ಹಾಕಿದರು.

ಹುಡುಗ ದೈಹಿಕ ಪರೀಕ್ಷೆಯಲ್ಲಿ ಪಾಸಾಗಿ ಆಯ್ಕೆಯಾಗಿ ತರಬೇತಿಗೆ ಹೊರಟುಹೋದ ಮರುವಾರ ಖಜಾಂಚಿಯವರ ಪೇಸ್ ಮತ್ತೆ ಎಂಟೂವರೆಗೆ ಕುಸಿಯಿತು. ಬಳಗ ಕಳವಳದಿಂದ ಸಭೆ ಸೇರಿ, ಇದು ಅತಿಯಾದ ಅಭ್ಯಾಸದ ಬಳಲಿಕೆಯೆಂದು ನಿರ್ಣಯಿಸಿ, ಮೂರು ವಾರಗಳ ವಿಶ್ರಾಂತಿಯನ್ನೂ ರಾಗಿ ಮಾಲ್ಟನ್ನೂ ವಿಧಿಸಿತು. ಈ ಅವಧಿಯಲ್ಲಿ ಅವರು ಮೈದಾನದಲ್ಲಿ ಅಗ್ನಿವೀರ್ ರ‍್ಯಾಲಿಗೆ ತಯಾರಾಗುತ್ತಿರುವ ಇನ್ನೊಬ್ಬ ಹುಡುಗನೊಂದಿಗೆ ಮಾತಾಡುತ್ತಿದ್ದುದನ್ನು ಹಾಲಿನ ವ್ಯಾನಿನವನು ನೋಡಿದ್ದಾನೆ. ಅಲ್ಲಿ ಪೂರ್ಣ ಅಂಕ ಬೇಕಾದರೆ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ವಿಶ್ರಾಂತಿಯ ನಂತರ ಖಜಾಂಚಿಯವರು ಕಿಲೋಮೀಟರಿಗೆ 3 ನಿಮಿಷ 26 ಸೆಕೆಂಡಿನಂತೆ ಓಡಿ ಹಿಂದಿರುಗಿದ್ದಾರೆ. ಬರುವ ಭಾನುವಾರ ಕಾಫಿ ಹೊತ್ತಿಗೆ ‘ಐವತ್ತರ ನಂತರದ ಚೇತರಿಕೆ’ ಎಂಬ ವಿಷಯದ ಮೇಲೆ ಅವರ ಉಪನ್ಯಾಸವಿದೆ. ಪ್ರವೇಶ ಉಚಿತ, ಟಿ-ಶರ್ಟಿಗೆ ಪ್ರತ್ಯೇಕ ಶುಲ್ಕ.